ಟಫ್ ವೀಲ್ ಹಾಕಲೇ, ಸ್ಪೋಕ್ ಚಕ್ರ ಹಾಕಲೇ?

1980ರ ದಶಕದ ಬಿಎಂಎಕ್ಸ್ (ಮಣ್ಣಿನ ಹಾದಿಯ ಓಟಕ್ಕೂ ಕಸರತ್ತಿಗೂ ಬಳಸುವ ಪುಟ್ಟ ಚಕ್ರದ ಸೈಕಲ್) ಫ್ರೇಮಿಗೆ ಸ್ಕೈವೇ ಟಫ್ ವೀಲ್ ಹಾಕಲೇ, ಸ್ಪೋಕ್ ಚಕ್ರ ಹಾಕಲೇ ಎಂದು ಕೇಳಿದ್ದೀರಿ. ಗೋಡೆಗೆ ಒರಗಿಸಿಟ್ಟು ಕಣ್ತುಂಬ ನೋಡುವುದಾದರೆ ಯೋಚಿಸುವುದೇ ಬೇಡ. ಐದು ಕಡ್ಡಿಯ ಆ ನೈಲಾನ್ ಚಕ್ರದ ಠೀವಿಯೇ ಬೇರೆ. ಬೆಂಡು ತೆಗೆಸುವ ರಗಳೆಯೂ ಇಲ್ಲ. ಆದರೆ ಭಾರ ಹೆಚ್ಚು, ಬ್ರೇಕ್ ಹಿಡಿತ ಕಡಿಮೆ. ಸಾಮಾನ್ಯ ಬ್ರೇಕ್ ರಬ್ಬರ್ ಸಾಲದೆಂದೇ ಸ್ಕೈವೇ ಕಂಪನಿ ಟಫ್ ಪ್ಯಾಡ್ ಎಂಬ ಪ್ರತ್ಯೇಕ ರಬ್ಬರನ್ನು ಮಾರಿತು. ನಿಜವಾಗಿ ಓಡಿಸುವುದಾದರೆ ಜಪಾನಿನ ಅರಾಯಾ 7ಎಕ್ಸ್ ಅಲ್ಯೂಮಿನಿಯಂ ರಿಮ್ಮಿನ ಸ್ಪೋಕ್ ಚಕ್ರವೇ ನನ್ನ ಆಯ್ಕೆ.

ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ: ಆ ಕಾಲದ ಬಿಡಿಭಾಗಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದುದು ರೆಡ್‌ಲೈನ್ ಕಂಪನಿಯ ಫ್ಲೈಟ್ ಕ್ರ್ಯಾಂಕ್, ಅಂದರೆ ಪೆಡಲ್ ಕೂರುವ ತೋಳುಗಳ ಜೋಡಿ. ಕ್ರೋಮೋಲಿ ಉಕ್ಕಿನ ಟೊಳ್ಳು ಕೊಳವೆಯ ಎರಡು ತೋಳು, ನಡುವೆ ಅವನ್ನು ಜೋಡಿಸುವ ಬೇರೆಯೇ ಅಚ್ಚು, ಒಟ್ಟು ಮೂರು ತುಂಡು. ಒಂದೇ ಸರಳನ್ನು ಬಗ್ಗಿಸಿ ಮಾಡಿದ ಕ್ರ್ಯಾಂಕಿಗಿಂತ ಬಹಳ ಗಟ್ಟಿ. ಅದನ್ನು ಕೊಂಡರೆ ಪೆಡಲ್ ಕೂಡ ಬದಲಿಸಬೇಕಾದೀತು. ಒಂದೇ ತುಂಡಿನ ಕ್ರ್ಯಾಂಕಿಗೆ ಪೆಡಲ್ ತಿರುಗಿಸಿ ಕೂರಿಸಲು ಅರ್ಧ ಇಂಚಿನ ಮರೆ (ತಿರುಪಿನ ಸುತ್ತು), ಫ್ಲೈಟ್‌ನಂಥ ಮೂರು ತುಂಡಿನದಕ್ಕೆ 9/16 ಇಂಚಿನದು. ಹೊಂದದ ಪೆಡಲನ್ನು ಬಲವಂತವಾಗಿ ತಿರುಗಿಸಿದರೆ ಮರೆ ಹಾಳಾಗುತ್ತದೆ.