ಕಾಣೆಯಾದ ಅರ್ಧ ವೋಲ್ಟ್: ವೋಲ್ಟೇಜ್ ವಿಭಜನೆ ಕುರಿತ ಓದುಗರ ಪ್ರಶ್ನೆಗಳು

ಪ್ರಶ್ನೆ: ವೋಲ್ಟೇಜ್ ವಿಭಜನೆಯ ಸೂತ್ರವನ್ನು ಕಲಿತ ಮೇಲೆ ಅದನ್ನು ಪರೀಕ್ಷಿಸಬೇಕೆಂದು 12 ವೋಲ್ಟ್‌ನ ವಿದ್ಯುತ್ ಆಕರಕ್ಕೆ ತಲಾ 1 ಮೆಗಾಓಮ್‌ನ ಎರಡು ರೆಸಿಸ್ಟರ್‌ಗಳನ್ನು ಸರಣಿಯಲ್ಲಿ ಜೋಡಿಸಿದೆ. ಪ್ರತಿಯೊಂದರ ತುದಿಗಳ ನಡುವೆಯೂ 6 ವೋಲ್ಟ್ ಸಿಗಬೇಕಿತ್ತು. ಆದರೆ ಡಿಜಿಟಲ್ ಮಲ್ಟಿಮೀಟರ್ ಎರಡು ಕಡೆಯೂ 5.71 ವೋಲ್ಟ್ ತೋರಿಸುತ್ತದೆ. ಕೂಡಿದರೆ 11.42 ಮಾತ್ರ. ಅದೇ ಜಾಗದಲ್ಲಿ 10 ಕಿಲೋಓಮ್‌ನ ಜೋಡಿಯನ್ನು ಹಾಕಿದರೆ 6 ವೋಲ್ಟ್ ಸರಿಯಾಗಿ ಬರುತ್ತದೆ. ಸೂತ್ರ ತಪ್ಪೋ, ಮೀಟರ್ ಕೆಟ್ಟಿದೆಯೋ?

ಉತ್ತರ: ಸೂತ್ರವೂ ಸರಿಯಿದೆ, ಮೀಟರೂ ಸರಿಯಿದೆ. ನೀವು ಅಳೆದ ಮಂಡಲ ಮಾತ್ರ ನೀವು ಲೆಕ್ಕ ಹಾಕಿದ ಮಂಡಲವಲ್ಲ. ಎರಡೂ ರೀಡಿಂಗ್‌ಗಳನ್ನು ತೆಗೆದು ಕೂಡಿ ನೋಡಿದ್ದು ಬಹಳ ಒಳ್ಳೆಯ ಕೆಲಸ, ಏಕೆಂದರೆ ಸಮಸ್ಯೆಯ ಮೂಲ ಆ ಮೊತ್ತದಲ್ಲೇ ಇದೆ.

ಸೂತ್ರ ಎಲ್ಲಿಂದ ಬಂತು ಎಂಬುದನ್ನು ಮೊದಲು ನೆನೆಯೋಣ. ಸರಣಿಯಲ್ಲಿರುವ ಎರಡು ರೆಸಿಸ್ಟರ್‌ಗಳ ಮೂಲಕ ಒಂದೇ ಪ್ರವಾಹ ಹರಿಯುತ್ತದೆ, ಮತ್ತು ಆ ಪ್ರವಾಹದ ಪ್ರಮಾಣ ಒಟ್ಟು ವೋಲ್ಟೇಜನ್ನು ಎರಡೂ ರೋಧಗಳ ಮೊತ್ತದಿಂದ ಭಾಗಿಸಿದಷ್ಟಿರುತ್ತದೆ. ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ ಪ್ರತಿ ರೆಸಿಸ್ಟರಿನ ತುದಿಗಳ ನಡುವಿನ ವೋಲ್ಟೇಜ್ ಈ ಪ್ರವಾಹ ಮತ್ತು ಅದರ ರೋಧಗಳ ಗುಣಲಬ್ಧವಾಗಿರುವುದರಿಂದ, ಒಟ್ಟು ವೋಲ್ಟೇಜು ರೋಧಗಳ ಅನುಪಾತದಲ್ಲಿಯೇ ಹಂಚಿಕೆಯಾಗುತ್ತದೆ. ಈ ತರ್ಕವೆಲ್ಲವೂ ನಿಂತಿರುವುದು ‘ಒಂದೇ ಪ್ರವಾಹ’ ಎಂಬ ಷರತ್ತಿನ ಮೇಲೆ. ಎರಡು ರೆಸಿಸ್ಟರ್‌ಗಳು ಸೇರುವ ನಡುಬಿಂದುವಿನಿಂದ ಮೂರನೆಯ ದಾರಿಯೊಂದರಲ್ಲಿ ಪ್ರವಾಹ ಹೊರಗೆ ಹೋದೊಡನೆ ಮೇಲಿನ (ಆಕರದ ಧನ ತುದಿಯ ಕಡೆಯ) ರೆಸಿಸ್ಟರಿನ ಪ್ರವಾಹವೂ ಕೆಳಗಿನದರ (ಋಣ ತುದಿಯ ಕಡೆಯದರ) ಪ್ರವಾಹವೂ ಬೇರೆಬೇರೆಯಾಗುತ್ತವೆ, ಆಗ ಸೂತ್ರವನ್ನು ಇದ್ದಂತೆಯೇ ಬಳಸುವ ಹಾಗಿಲ್ಲ.

ನಿಮ್ಮ ಪ್ರಯೋಗದಲ್ಲಿ ಆ ಮೂರನೆಯ ದಾರಿ ಸ್ವತಃ ಮೀಟರೇ. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರಿನ ಒಳರೋಧ ಸುಮಾರು 10 ಮೆಗಾಓಮ್ ಇರುತ್ತದೆ. ಅದನ್ನು 1 ಮೆಗಾಓಮ್‌ನ ರೆಸಿಸ್ಟರಿಗೆ ಸಮಾಂತರವಾಗಿ ಹಿಡಿದರೆ ಒಟ್ಟು ರೋಧ 0.909 ಮೆಗಾಓಮ್‌ಗೆ ಇಳಿಯುತ್ತದೆ. ಈಗ 12ನ್ನು 0.909ರಿಂದ ಗುಣಿಸಿ 1.909ರಿಂದ ಭಾಗಿಸಿ, 5.71 ಸಿಗುತ್ತದೆ. ಮೀಟರನ್ನು ಇನ್ನೊಂದು ರೆಸಿಸ್ಟರಿಗೆ ಹಿಡಿದಾಗ ಅದರ ರೋಧವೂ ಅಷ್ಟೇ ಇಳಿಯುತ್ತದೆ. ಹೀಗೆ ನೀವು ಕೂಡಿದ ಎರಡು ಸಂಖ್ಯೆಗಳು ಒಂದೇ ಸಮಯದ, ಒಂದೇ ಮಂಡಲದ ವೋಲ್ಟೇಜ್‌ಗಳಲ್ಲ. ಎರಡು ಬೇರೆ ಮಂಡಲಗಳಿಂದ ತೆಗೆದವು. ಅವುಗಳ ಮೊತ್ತ 12 ಆಗಬೇಕೆಂಬ ಕಟ್ಟುಪಾಡು ಇಲ್ಲ. 10 ಕಿಲೋಓಮ್‌ನ ಜೋಡಿಯಲ್ಲಿ ಮೀಟರು ಕದಿಯುವ ಪ್ರವಾಹ ತೀರ ಅಲ್ಪವಾದ್ದರಿಂದ ರೀಡಿಂಗ್ 5.997ಕ್ಕೆ ನಿಲ್ಲುತ್ತದೆ, ಅದನ್ನೇ ನೀವು 6 ಎಂದು ಓದಿದ್ದೀರಿ.

ಇದೇ ಲೆಕ್ಕವನ್ನು ಇನ್ನಷ್ಟು ಸಲೀಸಾಗಿ ಮಾಡುವ ವಿಧಾನವೊಂದಿದೆ. ವಿಭಾಜಕವನ್ನು, ಅಂದರೆ ವೋಲ್ಟೇಜನ್ನು ಹಂಚುವ ಈ ರೆಸಿಸ್ಟರ್ ಜೋಡಿಯನ್ನು, ನಡುಬಿಂದುವಿನ ಕಡೆಯಿಂದ ನೋಡಿದರೆ, ಅದು ಸೂತ್ರ ಹೇಳುವ ವೋಲ್ಟೇಜಿನ ಒಂದು ಆಕರವಾಗಿಯೂ, ಆ ಆಕರದೊಂದಿಗೆ ಸರಣಿಯಲ್ಲಿ ಎರಡೂ ರೆಸಿಸ್ಟರ್‌ಗಳ ಸಮಾಂತರ ಮೌಲ್ಯದ ಒಂದು ರೋಧವಾಗಿಯೂ ಕಾಣುತ್ತದೆ. ನಿಮ್ಮ ಮಂಡಲದಲ್ಲಿ ಅದು 6 ವೋಲ್ಟ್ ಮತ್ತು 500 ಕಿಲೋಓಮ್. ಈ ಸರಳೀಕರಣ 1883ರಲ್ಲಿ ಇದನ್ನು ಪ್ರಕಟಿಸಿದ ಫ್ರಾನ್ಸಿನ ತಂತಿ ಇಲಾಖೆಯ ಎಂಜಿನಿಯರ್ ತೆವೆನಿನ್ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1853ರಲ್ಲಿಯೇ ಇದನ್ನು ಹೇಳಿದ್ದರೂ ಹೆಸರು ಮಾತ್ರ ತೆವೆನಿನ್‌ಗೆ ದಕ್ಕಿತು. ವಿಭಾಜಕದ ಸೂತ್ರವನ್ನು ಕಲಿಸುವ ದಿನವೇ ಈ ನೋಟವನ್ನೂ ಕಲಿಸಬೇಕೆಂಬುದು ನನ್ನ ಅಭಿಪ್ರಾಯ. ಹಲವು ಪಾಠಗಳ ನಂತರ ಕಲಿಸಿದಾಗ ವಿದ್ಯಾರ್ಥಿಗಳು ಇವೆರಡಕ್ಕೂ ಸಂಬಂಧವೇ ಇಲ್ಲವೆಂದು ಭಾವಿಸಿಬಿಡುತ್ತಾರೆ.

ಮುಳ್ಳು ತಿರುಗುವ ಹಳೆಯ ಮಾದರಿಯ ಮೀಟರಾಗಿದ್ದರೆ ನಿಮ್ಮ ಗೊಂದಲ ಇನ್ನೂ ದೊಡ್ಡದಾಗುತ್ತಿತ್ತು. ಪ್ರತಿ ವೋಲ್ಟಿಗೆ 20,000 ಓಮ್ ಎಂದು ನಮೂದಿಸಿರುವ ಮೀಟರಿನ 10 ವೋಲ್ಟ್ ವ್ಯಾಪ್ತಿಯಲ್ಲಿ ಒಳರೋಧ 200 ಕಿಲೋಓಮ್ ಮಾತ್ರ. ಅದು ನಿಮ್ಮ ಜೋಡಿಯ ಮೇಲೆ 1.71 ವೋಲ್ಟ್ ಎಂದು ತೋರಿಸುತ್ತಿತ್ತು.

ಒಂದು ಎಚ್ಚರಿಕೆಯ ಮಾತನ್ನು ಸೇರಿಸಬೇಕು. ಬಂಗಾರದ ಬಣ್ಣದ ಪಟ್ಟಿಯಿರುವ ರೆಸಿಸ್ಟರಿನ ಮೌಲ್ಯ ಶೇಕಡಾ 5ರಷ್ಟು ಹೆಚ್ಚು ಕಡಿಮೆ ಇರಬಹುದು. 10 ಕಿಲೋಓಮ್‌ನ ಜೋಡಿಯಲ್ಲಿ ಮೇಲಿನದು 10.5, ಕೆಳಗಿನದು 9.5 ಆಗಿದ್ದರೆ ಕೆಳಗಿನದರ ವೋಲ್ಟೇಜು 5.7. ಅಂದರೆ ಬೇರೆಯೇ ಕಾರಣದಿಂದ ಹೆಚ್ಚುಕಡಿಮೆ ಅದೇ ಸಂಖ್ಯೆ ಬರಬಹುದು. ಆದರೆ ಆಗ ಮೇಲಿನದು 6.3 ತೋರಿಸುತ್ತದೆ, ಮೊತ್ತ 12 ಆಗಿಯೇ ಉಳಿಯುತ್ತದೆ. ಮೊತ್ತ ಸರಿಯಿದ್ದು ಪಾಲು ಏರುಪೇರಾಗಿದ್ದರೆ ರೆಸಿಸ್ಟರ್‌ಗಳ ಮೌಲ್ಯವನ್ನು ಸಂಶಯಿಸಿ. ಮೊತ್ತವೇ ಕಡಿಮೆಯಾಗಿದ್ದರೆ ಮೀಟರಿನ ಒಳರೋಧವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಪ್ರಶ್ನೆ: ಸೂತ್ರದಲ್ಲಿ ಅಂಶದ ಜಾಗದಲ್ಲಿ ಯಾವ ರೆಸಿಸ್ಟರನ್ನು ಬರೆಯಬೇಕೆಂಬುದು ಪ್ರತಿ ಬಾರಿಯೂ ಅದಲುಬದಲಾಗುತ್ತದೆ. ನೆನಪಿಡುವುದು ಹೇಗೆ?

ಉತ್ತರ: ಯಾವ ರೆಸಿಸ್ಟರಿನ ತುದಿಗಳ ನಡುವಿನ ವೋಲ್ಟೇಜ್ ಬೇಕೋ ಅದೇ ಅಂಶದಲ್ಲಿರಬೇಕು, ಛೇದದಲ್ಲಿ ಎಲ್ಲವುಗಳ ಮೊತ್ತವಿರಬೇಕು. ಒಂದು ಮತ್ತು ಎರಡು ಎಂಬ ಕ್ರಮಸಂಖ್ಯೆಗಳನ್ನು ಬಾಯಿಪಾಠ ಮಾಡಬೇಡಿ, ಚಿತ್ರ ಬರೆದವರು ಅವನ್ನು ತಮ್ಮಿಷ್ಟದಂತೆ ಇಟ್ಟಿರುತ್ತಾರೆ. ಸಂಶಯ ಬಂದರೆ ಆ ರೆಸಿಸ್ಟರಿನ ರೋಧ ಸೊನ್ನೆಯೆಂದು ಭಾವಿಸಿ ನೋಡಿ: ಉತ್ತರವೂ ಸೊನ್ನೆಯಾಗಬೇಕು.

ಪ್ರಶ್ನೆ: 10 ವೋಲ್ಟ್ ಆಕರಕ್ಕೆ 1 ಕಿಲೋಓಮ್‌ನ ಎರಡು ರೆಸಿಸ್ಟರ್‌ಗಳ ವಿಭಾಜಕವಿದೆ. ಅದರ ನಡುಬಿಂದುವಿನಿಂದ ಆಕರದ ಋಣ ತುದಿಗೆ ಮತ್ತೆ 1 ಕಿಲೋಓಮ್‌ನ ಎರಡು ರೆಸಿಸ್ಟರ್‌ಗಳು ಸರಣಿಯಲ್ಲಿವೆ. ಈ ಎರಡನೆಯ ಜೋಡಿಯ ನಡುಬಿಂದುವಿನ ವೋಲ್ಟೇಜ್ ಎಷ್ಟು ಎಂಬ ಲೆಕ್ಕಕ್ಕೆ, ಮೊದಲು ಅರ್ಧ, ಆಮೇಲೆ ಅದರ ಅರ್ಧ ಎಂದು 2.5 ವೋಲ್ಟ್ ಬರೆದೆ. ಉತ್ತರ 2 ವೋಲ್ಟ್ ಎಂದಿದೆ. ಏಕೆ?

ಉತ್ತರ: ಮೊದಲ ‘ಅರ್ಧ’ದಲ್ಲಿಯೇ ತಪ್ಪು ನುಸುಳಿದೆ. ಎರಡನೆಯ ಹಂತ ಮೊದಲ ನಡುಬಿಂದುವಿನಿಂದ ಪ್ರವಾಹವನ್ನು ಎಳೆಯುತ್ತಿರುವಾಗ ಅಲ್ಲಿ 5 ವೋಲ್ಟ್ ಇರಲಾರದು. ಮೊದಲ ಪ್ರಶ್ನೆಯಲ್ಲಿ ಮೀಟರು ಮಾಡಿದ ಕೆಲಸವನ್ನೇ ಇಲ್ಲಿ ಎರಡನೆಯ ಹಂತ ಮಾಡುತ್ತಿದೆ. ಇಂಥ ಮಂಡಲಗಳನ್ನು ಆಕರದಿಂದ ಅತಿ ದೂರದ ತುದಿಯಿಂದ ಹಿಂದಕ್ಕೆ ಮಡಿಸುತ್ತ ಬರಬೇಕು. ಕೊನೆಯ ಎರಡು ರೆಸಿಸ್ಟರ್‌ಗಳು ಸರಣಿಯಲ್ಲಿ 2 ಕಿಲೋಓಮ್ ಆಗುತ್ತವೆ. ಅದು ಮೊದಲ ಹಂತದ ಕೆಳಗಿನ 1 ಕಿಲೋಓಮ್‌ಗೆ ಸಮಾಂತರವಾಗಿ 0.667 ಕಿಲೋಓಮ್ ಆಗುತ್ತದೆ. ಈಗ ಉಳಿದದ್ದು ಶುದ್ಧವಾದ ಸರಣಿ ಜೋಡಣೆ, ಹಾಗಾಗಿ ಸೂತ್ರಕ್ಕೆ ಅಧಿಕಾರ ಬಂತು: ನಡುಬಿಂದುವಿನಲ್ಲಿ 4 ವೋಲ್ಟ್. ನಂತರ ಮುಂದಕ್ಕೆ ಬಿಚ್ಚುತ್ತ ಹೋದರೆ ಕೊನೆಯ ಬಿಂದುವಿನಲ್ಲಿ 2 ವೋಲ್ಟ್.

ನಿಮ್ಮ ‘ಅರ್ಧದ ಅರ್ಧ’ ಕ್ರಮವೂ ಕೆಲವೊಮ್ಮೆ ನಡೆಯುತ್ತದೆ ಎಂಬುದನ್ನು ಗಮನಿಸಿ. ಎರಡನೆಯ ಹಂತದಲ್ಲಿ ತಲಾ 100 ಕಿಲೋಓಮ್ ಹಾಕಿ ಇದೇ ಲೆಕ್ಕ ಮಾಡಿದರೆ ಕೊನೆಯ ಉತ್ತರ 2.494 ವೋಲ್ಟ್ ಬರುತ್ತದೆ. ಅನುಭವಿಗಳು ಕಾಗದವಿಲ್ಲದೆ ಲೆಕ್ಕ ಹೇಳುವುದು ಸಾಧ್ಯವಾಗುವುದು ಹೀಗೆಯೇ.

ಪ್ರಶ್ನೆ: 9 ವೋಲ್ಟ್ ಬ್ಯಾಟರಿಯಿಂದ 3 ವೋಲ್ಟ್‌ನ ಸಣ್ಣ ಮೋಟರನ್ನು ನಡೆಸಲು 2 ಕಿಲೋಓಮ್ ಮತ್ತು 1 ಕಿಲೋಓಮ್‌ನ ವಿಭಾಜಕ ಮಾಡಿದೆ. ಮೀಟರಿನಲ್ಲಿ 3 ವೋಲ್ಟ್ ಬರುತ್ತದೆ, ಮೋಟರ್ ಅಲುಗುವುದೂ ಇಲ್ಲ.

ಉತ್ತರ: ಮೋಟರು 3 ವೋಲ್ಟ್‌ನಲ್ಲಿ 300 ಮಿಲಿಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡು, ಲೆಕ್ಕದ ಮಟ್ಟಿಗೆ ಅದನ್ನು 10 ಓಮ್‌ನ ರೋಧವೆಂದು ಭಾವಿಸೋಣ. 1 ಕಿಲೋಓಮ್‌ಗೆ ಸಮಾಂತರವಾಗಿ 10 ಓಮ್ ಸೇರಿದರೆ 9.9 ಓಮ್. ಮೋಟರಿಗೆ ಸಿಗುವುದು 0.044 ವೋಲ್ಟ್. ಅಲುಗದಿರುವುದು ಸಹಜ.

ರೋಧಗಳನ್ನು ಕಡಿಮೆ ಮಾಡಿದರೆ ಸರಿಹೋಗಬಹುದಲ್ಲ ಎಂದು ನೀವು ಕೇಳಬಹುದು. ಕೆಳಗಿನ ರೆಸಿಸ್ಟರಿನಲ್ಲಿ ಲೋಡ್ (ಪ್ರವಾಹವನ್ನು ಬಳಸುವ ಸಾಧನ, ಇಲ್ಲಿ ಮೋಟರು) ಎಳೆಯುವುದರ ಹತ್ತರಷ್ಟು ಪ್ರವಾಹ ಹರಿಯುವಂತಿದ್ದರೆ ವಿಭಾಜಕ ಸಾಕಷ್ಟು ಸ್ಥಿರವಾಗಿರುತ್ತದೆ ಎಂಬ ರೂಢಿಯ ಲೆಕ್ಕವಿದೆ. ಅದರಂತೆ ಕೆಳಗೆ 3 ಆಂಪಿಯರ್, ಮೇಲೆ 3.3 ಆಂಪಿಯರ್ ಬೇಕು. ಆಗ ಕೆಳಗಿನ ರೆಸಿಸ್ಟರಿನಲ್ಲಿ 9 ವ್ಯಾಟ್, ಮೇಲಿನದರಲ್ಲಿ 19.8 ವ್ಯಾಟ್ ಶಾಖವಾಗಿ ಹೋಗುತ್ತದೆ. ಮೋಟರಿಗೆ ತಲುಪುವುದು 0.9 ವ್ಯಾಟ್. ಕಾಲು ವ್ಯಾಟಿನ ರೆಸಿಸ್ಟರ್‌ಗಳು ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಚೌಕಾಕಾರದ ಸಣ್ಣ 9 ವೋಲ್ಟ್ ಬ್ಯಾಟರಿಯಂತೂ ಇಷ್ಟು ಪ್ರವಾಹವನ್ನು ಕೊಡಲಾರದು, ಏಕೆಂದರೆ ಅದರ ಒಳರೋಧವೇ ವಿಭಾಜಕದ ಇನ್ನೊಂದು ರೆಸಿಸ್ಟರಿನಂತೆ ವರ್ತಿಸಿ ವೋಲ್ಟೇಜನ್ನು ಒಳಗೇ ನುಂಗುತ್ತದೆ. ಜೊತೆಗೆ ಮೋಟರು ಹೊರಡುವ ಗಳಿಗೆಯಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು ಪ್ರವಾಹವನ್ನು ಬೇಡುತ್ತದೆ.

ಆದ್ದರಿಂದ ಮೋಟರಿಗೆ ಎರಡು ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿ, ಇಲ್ಲವೆ ವೋಲ್ಟೇಜನ್ನು ಇಳಿಸುವ ಬಕ್ ಕನ್ವರ್ಟರನ್ನು ಬಳಸಿ. ನಿಮ್ಮ ಬಳಿಯಿರುವ ಎರಡು ರೆಸಿಸ್ಟರ್‌ಗಳು ವ್ಯರ್ಥವಾಗಬೇಕಿಲ್ಲ: 1 ಕಿಲೋಓಮ್ ಅನ್ನು ಮೇಲೆ, 2 ಕಿಲೋಓಮ್ ಅನ್ನು ಕೆಳಗೆ ಇಟ್ಟರೆ 5 ವೋಲ್ಟ್‌ನ ಸಂಕೇತ 3.33 ವೋಲ್ಟ್‌ಗೆ ಇಳಿಯುತ್ತದೆ. 3.3 ವೋಲ್ಟ್‌ನಲ್ಲಿ ಕೆಲಸ ಮಾಡುವ ಮೈಕ್ರೋಕಂಟ್ರೋಲರಿನ ಇನ್‌ಪುಟ್ ಪಿನ್ ಹೆಚ್ಚುಕಡಿಮೆ ಏನನ್ನೂ ಎಳೆಯುವುದಿಲ್ಲವಾದ್ದರಿಂದ ಅಲ್ಲಿ ಸೂತ್ರ ಹೇಳಿದ ಉತ್ತರವೇ ಸಿಗುತ್ತದೆ.