92 ಸಾವಿರ ಸಂಬಳಕ್ಕೆ 80 ಲಕ್ಷದ ಫ್ಲ್ಯಾಟ್ ತಗೊಳ್ಳಬಹುದಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನನಗೆ ಅರ್ಥವಾಗಿದ್ದು ಇಷ್ಟು. ಕೈಗೆ ಬರುವ ಸಂಬಳ 92 ಸಾವಿರ, ಉಳಿತಾಯ 18 ಲಕ್ಷ, ಈಗಿನ ಬಾಡಿಗೆ 22 ಸಾವಿರ. ಮಗು ಸಣ್ಣದು ಅಂತ ನಿಮ್ಮ ಹೆಂಡತಿ ಸದ್ಯಕ್ಕೆ ಕೆಲಸ ಬಿಟ್ಟಿದ್ದಾರೆ. ಹೊರಮಾವು ಕಡೆ ಇನ್ನೂ ಕಟ್ಟುತ್ತಿರುವ 2 ಬಿಎಚ್‌ಕೆ ಫ್ಲ್ಯಾಟ್ ನೋಡಿದ್ದೀರಿ, ಬೆಲೆ 80 ಲಕ್ಷ, ಬ್ಯಾಂಕು 64 ಲಕ್ಷ ಕೊಡ್ತೀವಿ ಅಂದಿದೆ, ಮಾವ "ಬಾಡಿಗೆ ಕೊಡೋದು ದಂಡ" ಅಂತಿದ್ದಾರೆ, ಮುಂದಿನ ತಿಂಗಳು ರೇಟು ಏರುತ್ತೆ ಅಂತ ಬಿಲ್ಡರ್ ಕಡೆಯವರು ದಿನಾ ಫೋನ್ ಮಾಡ್ತಿದ್ದಾರೆ. ತಗೊಳ್ಳಲಾ, ಬೇಡವಾ?

ಈ ಫ್ಲ್ಯಾಟು ಈಗ ಬೇಡ. ಮನೆಯೇ ಬೇಡ ಅಂತ ಹೇಳುತ್ತಿಲ್ಲ, ನಾವೂ ಸಾಲ ಮಾಡಿಯೇ ತಗೊಂಡವರು. ಮನೆಯಲ್ಲಿ ಲೆಕ್ಕ ಬರೆಯೋದು ನಾನು, ಹಾಗಾಗಿ ಎಲ್ಲಿ ಉಸಿರು ಕಟ್ಟಿತು ಅನ್ನೋದು ತಾರೀಖಿನ ಸಮೇತ ನನ್ನ ಪುಸ್ತಕದಲ್ಲಿದೆ.

ಮೊದಲು ನಿಮ್ಮ 18 ಲಕ್ಷ ನೋಡೋಣ. 80ರಲ್ಲಿ ಬ್ಯಾಂಕು 64 ಕೊಟ್ಟರೆ ನೀವು 16 ಹಾಕಬೇಕು. ಇನ್ನೂ 2 ಲಕ್ಷ ಉಳಿಯುತ್ತಲ್ಲ ಅಂತ ಅನಿಸುತ್ತೆ ಅಲ್ವಾ? ಅಲ್ಲೇ ಎಲ್ಲರೂ ಎಡವೋದು. ಕರ್ನಾಟಕದಲ್ಲಿ 45 ಲಕ್ಷ ದಾಟಿದ ಮನೆಗೆ ಸ್ಟ್ಯಾಂಪ್ ಡ್ಯೂಟಿ 5%, ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ ನಗರದಲ್ಲಿ 5.6% ಆಗುತ್ತೆ. ನೋಂದಣಿ ಶುಲ್ಕ ಮೊದಲು 1% ಇತ್ತು, 2025ರ ಆಗಸ್ಟ್ ಕೊನೆಯಿಂದ 2% ಮಾಡಿದ್ದಾರೆ. ಒಟ್ಟು 7.6%. ನಿಮ್ಮ 80 ಲಕ್ಷಕ್ಕೆ ಅದು 6 ಲಕ್ಷದ 8 ಸಾವಿರ. ಇದನ್ನು ಗೃಹಸಾಲದಲ್ಲಿ ಲೆಕ್ಕಕ್ಕೆ ಹಿಡಿಯಲ್ಲ, ನಿಮ್ಮ ಕೈಯಿಂದಲೇ ಕಟ್ಟಬೇಕು. ಕಟ್ಟಡ ಇನ್ನೂ ಮುಗಿದಿಲ್ಲ ಅಂದರೆ ಜಿಎಸ್‌ಟಿ 5%, ಅಂದರೆ ಇನ್ನೊಂದು 4 ಲಕ್ಷ. ಓಸಿ (ಕಟ್ಟಡ ಮುಗಿದಿದೆ, ವಾಸ ಮಾಡಬಹುದು ಅಂತ ಪಾಲಿಕೆ ಕೊಡುವ ಪತ್ರ) ಬಂದ ಮೇಲೆ ಮಾರುವ ಫ್ಲ್ಯಾಟಿಗೆ ಈ ಜಿಎಸ್‌ಟಿ ಇಲ್ಲ. ಈಗಲೇ 26 ಲಕ್ಷ ದಾಟಿತು. ಕಾರ್ ಪಾರ್ಕಿಂಗ್, ಬೆಸ್ಕಾಂ ಮತ್ತು ಜಲಮಂಡಳಿ ಬಾಬ್ತು, ಮೊದಲೇ ಕೀಳುವ ಎರಡು ವರ್ಷದ ಮೇಂಟೆನೆನ್ಸ್, ಇವು ಆ 80ರಲ್ಲಿ ಸೇರಿವೆಯಾ ಅಂತ ಬಿಲ್ಡರ್ ಹತ್ತಿರ ಕಾಸ್ಟ್ ಶೀಟ್ ಇಸ್ಕೊಂಡು ನೋಡಿ. ಬಾಯಿಮಾತು ಬೇಡ.

ಆಮೇಲೆ ಕಂತು. 64 ಲಕ್ಷಕ್ಕೆ 8% ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳಿಗೆ ಸುಮಾರು 53,500. ನಿಮ್ಮ ಸಂಬಳದಲ್ಲಿ ಅರ್ಧಕ್ಕಿಂತ ಜಾಸ್ತಿ. 30 ವರ್ಷಕ್ಕೆ ಮಾಡಿಕೊಡ್ತೀವಿ, 47 ಸಾವಿರಕ್ಕೆ ಇಳಿಯುತ್ತೆ ಅಂತ ಬ್ಯಾಂಕಿನವರು ಹೇಳಬಹುದು. ನಿಜ, ಇಳಿಯುತ್ತೆ. ಆದರೆ ಒಟ್ಟು ಬಡ್ಡಿ 64 ಲಕ್ಷ ಇದ್ದದ್ದು 1 ಕೋಟಿ 5 ಲಕ್ಷಕ್ಕೆ ಹೋಗುತ್ತೆ. ತಿಂಗಳಿಗೆ ಆರೂವರೆ ಸಾವಿರ ಉಳಿಸೋಕೆ 40 ಲಕ್ಷ.

ನಿಮ್ಮ ಮಾವನವರಿಗೂ ಒಂದು ಲೆಕ್ಕ ತೋರಿಸಿ. ದೊಡ್ಡವರು, ಜಗಳ ಬೇಡ, ಸುಮ್ನೆ ಒಂದು ಚೀಟಿಯಲ್ಲಿ ಬರೆದು ಮುಂದಿಡಿ. ಮೊದಲ ತಿಂಗಳ ಕಂತು 53,500ರಲ್ಲಿ ಬಡ್ಡಿಯೇ 42,667. ಅಸಲಿಗೆ ಹೋಗೋದು ಹತ್ತಿರ ಹತ್ತಿರ 10,900 ಮಾತ್ರ. ಬಾಡಿಗೆ 22 ಸಾವಿರ ದಂಡ ಅನ್ನೋದಾದರೆ ಈ 42 ಸಾವಿರವನ್ನು ಏನಂತ ಕರೀತಾರೆ ಕೇಳಿ. ಮನೆಯ ಬೆಲೆ ಏರುತ್ತೆ ಅಂತಾರೆ. ಏರಬಹುದು. ಆದರೆ ಏರಿದ ಬೆಲೆಯಿಂದ ಮಗುವಿನ ಸ್ಕೂಲ್ ಫೀಸ್ ಕಟ್ಟೋಕೆ ಆಗಲ್ಲ, ಅದನ್ನು ಸಂಬಳದಿಂದಲೇ ಕಟ್ಟಬೇಕು.

ಕಟ್ಟುತ್ತಿರುವ ಫ್ಲ್ಯಾಟಿನಲ್ಲಿ ಇನ್ನೊಂದು ಇಕ್ಕಟ್ಟಿದೆ. ಕೆಲಸ ಮುಂದುವರಿದ ಹಾಗೆ ಬ್ಯಾಂಕು ಸಾಲ ಬಿಡುಗಡೆ ಮಾಡುತ್ತೆ, ಬಿಡುಗಡೆ ಆದಷ್ಟಕ್ಕೆ ಬಡ್ಡಿ ಶುರು. ಕೀ ಕೈಗೆ ಸಿಗೋವರೆಗೂ ಬಾಡಿಗೆನೂ ಕೊಡಬೇಕು, ಬಡ್ಡಿನೂ ಕಟ್ಟಬೇಕು. ರೇರಾ (ಬಿಲ್ಡರುಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ) ವೆಬ್‌ಸೈಟಿನಲ್ಲಿ ಆ ಪ್ರಾಜೆಕ್ಟಿನ ಹೆಸರು ಹಾಕಿದರೆ ಮುಗಿಸುವ ತಾರೀಖು ಸಿಗುತ್ತೆ. ಆ ತಾರೀಖಿಗೆ ಒಂದು ವರ್ಷ ಸೇರಿಸಿ ನಿಮ್ಮ ಲೆಕ್ಕ ಹಾಕಿ. ನಾನಾದರೆ ಹಾಗೇ ಹಾಕ್ತೀನಿ.

ಈಗ ನಮ್ಮ ಕಥೆ. 2019ರ ಡಿಸೆಂಬರಿನಲ್ಲಿ ಆರ್.ಆರ್. ನಗರದಲ್ಲಿ ಓಸಿ ಬಂದಿದ್ದ ಫ್ಲ್ಯಾಟ್ ತಗೊಂಡೆವು. 1,150 ಚದರಡಿ, 52 ಲಕ್ಷ. ಸಾಲ 40 ಲಕ್ಷ, 240 ಕಂತು, ಬಡ್ಡಿ ಆಗ 8%, ಕಂತು 33,458. ಇಬ್ಬರೂ ಕೆಲಸದಲ್ಲಿದ್ದೆವು, ಕಂತು ಕಷ್ಟ ಅನಿಸಲಿಲ್ಲ.

ಸಾಲದ ಮಂಜೂರಾತಿ ಪತ್ರ ಕೈಗೆ ಬಂದಾಗ ಅದರಲ್ಲಿ 41,20,000 ಅಂತ ಇತ್ತು. ನಾವು ಕೇಳಿದ್ದು 40. ಇದೇನು ಅಂದರೆ "ಮೇಡಂ, ಅದು ಸಾಲದ ಇನ್ಶೂರೆನ್ಸ್, ಎಲ್ಲರಿಗೂ ಇರುತ್ತೆ, ಕಂತಿನಲ್ಲಿ ಸಾವಿರ ರೂಪಾಯಿ ವ್ಯತ್ಯಾಸ ಅಷ್ಟೇ" ಅಂದರು. 1 ಲಕ್ಷ 20 ಸಾವಿರ ಪ್ರೀಮಿಯಂ, ಅದಕ್ಕೂ ಇಪ್ಪತ್ತು ವರ್ಷ ಬಡ್ಡಿ! ಕಡ್ಡಾಯ ಅಂತ ಬರೆದು ಕೊಡಿ ಅಂದೆ. ಬರೆದು ಕೊಡಲಿಲ್ಲ, ತೆಗೆದು ಹಾಕಿದರು. ಸಾಲ ಮಾಡುವವರಿಗೆ ವಿಮೆ ಬೇಕೇ ಬೇಕು, ಆದರೆ ಬೇರೆಯಾಗಿ ಒಂದು ಟರ್ಮ್ ಇನ್ಶೂರೆನ್ಸ್ (ನಮಗೇನಾದರೂ ಆದರೆ ಮನೆಯವರಿಗೆ ದುಡ್ಡು ಬರುವ ವಿಮೆ) ಮಾಡಿಸಿಕೊಳ್ಳಿ.

ಅಲ್ಲಿ ಹುಷಾರಾಗಿದ್ದವಳು ಟಿಡಿಎಸ್‌ನಲ್ಲಿ ಸಿಕ್ಕಿಬಿದ್ದೆ. ಮನೆ ಬೆಲೆ 50 ಲಕ್ಷ ಅಥವಾ ಜಾಸ್ತಿ ಇದ್ದರೆ ಕೊಳ್ಳುವವರೇ ಮಾರುವವರಿಗೆ ಕೊಡುವ ದುಡ್ಡಿನಲ್ಲಿ 1% ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ನಮ್ಮದು 52 ಸಾವಿರ. ಅದು ಮಾರುವವರ ಕೆಲಸ ಅಂದುಕೊಂಡಿದ್ದೆ. 40 ದಿನ ತಡವಾಯಿತು. ದಿನಕ್ಕೆ 200ರಂತೆ 8,000 ರೂಪಾಯಿ ದಂಡ, ಬಡ್ಡಿ ಬೇರೆ. ನಿಮ್ಮ 80 ಲಕ್ಷಕ್ಕೂ ಇದು ಅನ್ವಯಿಸುತ್ತೆ, ಪ್ರತಿ ಸಲ ಬಿಲ್ಡರಿಗೆ ದುಡ್ಡು ಕೊಟ್ಟಾಗಲೂ.

ನಿಜವಾದ ತೊಂದರೆ ಇವು ಯಾವುದೂ ಅಲ್ಲ. ವುಡ್‌ವರ್ಕಿಗೆ ನಾಲ್ಕೂವರೆ ಲಕ್ಷ ಅಂತ ಶುರುವಾಗಿದ್ದು, ಲಾಫ್ಟಿಗೆ ಬಾಗಿಲು, ಕಿಟಕಿಗೆ ಸೊಳ್ಳೆ ಮೆಶ್, ಬಾಲ್ಕನಿಗೆ ಗ್ರಿಲ್, ಒಂದೊಂದೇ ಸೇರಿ ಆರು ಲಕ್ಷಕ್ಕೆ ನಿಂತಿತು. 2020ರ ಫೆಬ್ರವರಿಯಲ್ಲಿ ಗೃಹಪ್ರವೇಶ. ಊರಿಂದ ಎರಡು ಗಾಡಿ ಜನ, ಊಟ ಹಾಕದೆ ಕಳಿಸೋಕಾಗುತ್ತಾ? ಹಾಲು ಉಕ್ಕಿಸಿದ ಮಾರನೇ ದಿನ ಇಬ್ಬರ ಖಾತೆ ಸೇರಿಸಿ ನೋಡಿದರೆ 11,340 ರೂಪಾಯಿ ಇತ್ತು. ಸಂಬಳ ಬರುತ್ತಲ್ಲ ಬಿಡು ಅಂದರು ನಮ್ಮನೆಯವರು. ಮುಂದಿನ ತಿಂಗಳು ಲಾಕ್‌ಡೌನ್. ಏಪ್ರಿಲ್‌ನಿಂದ ಅವರ ಕಂಪನಿ ಸಂಬಳದಲ್ಲಿ 30% ಹಿಡಿಯಿತು.

ಆಗ ಕಂತು ಮುಂದೂಡುವ ಅವಕಾಶ ಇತ್ತು, ನೆನಪಿರಬಹುದು. ಕಟ್ಟದ ತಿಂಗಳ ಬಡ್ಡಿಯೂ ಸಾಲಕ್ಕೇ ಸೇರುತ್ತೆ ಅಂತ ಗೊತ್ತಾದಾಗ ಬೇಡ ಅಂತ ಬಿಟ್ಟೆವು. ಬದಲಿಗೆ ನನ್ನ ಎರಡು ಬಳೆ ಅಡ ಇಟ್ಟೆ. ಬಳೆ ಬಿಡಿಸಿಕೊಳ್ಳೋಕೆ ಹದಿನಾಲ್ಕು ತಿಂಗಳು ಹಿಡಿಯಿತು. 52 ಲಕ್ಷದ ಮನೆಯ ಒಡತಿ ಮೂವತ್ಮೂರು ಸಾವಿರಕ್ಕೆ ಬಳೆ ಬಿಚ್ಚಿಕೊಟ್ಟು ಬರೋದು ಅಂದರೆ, ಆ ದಿನ ಆಟೋದಲ್ಲಿ ಕೂತು ಬರಿಗೈ ನೋಡಿಕೊಂಡು ನಗು ಬಂದಿತ್ತು. ಅದಕ್ಕೇ ಹೇಳೋದು, ಮನೆಗೆ ಎಲ್ಲಾ ಕೊಟ್ಟ ಮೇಲೂ ಆರು ತಿಂಗಳ ಕಂತು ಮತ್ತು ಮನೆಖರ್ಚು ಬೇರೆ ಖಾತೆಯಲ್ಲಿ ಕೂತಿರಬೇಕು. ವುಡ್‌ವರ್ಕ್ ಕಾಯುತ್ತೆ. ಒಂದು ವರ್ಷ ಸ್ಟೀಲ್ ಬೀರು ಇಟ್ಟುಕೊಂಡರೆ ಯಾರೂ ಏನೂ ಅನ್ನಲ್ಲ. ಅಂದರೂ ಕಂತು ಕಟ್ಟೋದು ಅವರಲ್ಲ.

ಇನ್ನು ಬಡ್ಡಿ ಏರಿಳಿತ. ಇದು ಜಾಸ್ತಿ ಜನಕ್ಕೆ ಗೊತ್ತೇ ಆಗಲ್ಲ, ಯಾಕೆಂದರೆ ಕಂತು ಬದಲಾಗಲ್ಲ. ನಮ್ಮ ಸಾಲ ರೆಪೋ ದರಕ್ಕೆ ಕಟ್ಟಿದ್ದು, ಅಂದರೆ ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರ ಏರಿಳಿದ ಹಾಗೆ ನಮ್ಮ ಬಡ್ಡಿಯೂ ಏರಿಳಿಯುತ್ತೆ. 2020ರಲ್ಲಿ ರೆಪೋ 4%ಗೆ ಇಳಿದಾಗ ನಮ್ಮ ಬಡ್ಡಿ 6.85% ಆಯಿತು, ಖುಷಿ. 2022ರ ಮೇ ತಿಂಗಳಿಂದ ಏರಿಸುತ್ತಾ ಹೋಗಿ 2023ರ ಫೆಬ್ರವರಿಗೆ ರೆಪೋ 6.5%ಗೆ ಬಂತು, ನಮ್ಮದು 9.35%. ಕಂತು ಮಾತ್ರ ಅದೇ 33,458, ಹಾಗಾಗಿ ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಏಪ್ರಿಲ್‌ನಲ್ಲಿ ತೆರಿಗೆ ಕೆಲಸಕ್ಕೆ ಅಂತ ಸಾಲದ ಸ್ಟೇಟ್‌ಮೆಂಟ್ ತೆಗೆದೆ. 39 ಕಂತು ಕಟ್ಟಿಯಾಗಿತ್ತು. 240ರಲ್ಲಿ 39 ಕಳೆದರೆ 201 ಉಳಿಯಬೇಕು. ಅಲ್ಲಿ 235 ಅಂತ ಇತ್ತು! ಮೂರು ವರ್ಷಕ್ಕೂ ಮೇಲೆ ಕಟ್ಟಿದ್ದಕ್ಕೆ ಬರೀ ಐದು ಕಂತು ಕಡಿಮೆಯಾಗಿತ್ತು. ಬ್ಯಾಂಕು ಮೋಸ ಮಾಡಿದ್ದಲ್ಲ, ಬಡ್ಡಿ ಏರಿದಾಗ ಕಂತು ಏರಿಸದೆ ಅವಧಿ ಎಳೆದಿತ್ತು ಅಷ್ಟೇ. ಅದೇ ವಾರ ಹೋಗಿ ಕಂತನ್ನು 40 ಸಾವಿರ ಮಾಡಿಸಿದೆವು. 235 ಇದ್ದದ್ದು 156ಕ್ಕೆ ಇಳಿಯಿತು. ತಿಂಗಳಿಗೆ ಆರೂವರೆ ಸಾವಿರ ಜಾಸ್ತಿ ಕೊಟ್ಟರೆ ಆರೂವರೆ ವರ್ಷ ಮಾಯ. ಆ ವರ್ಷದ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೂ ಹೇಳಿತು, ಬಡ್ಡಿ ಬದಲಾದಾಗ ಕಂತು ಏರಿಸಬೇಕೋ ಅವಧಿ ಏರಿಸಬೇಕೋ ಅಂತ ಸಾಲಗಾರರಿಗೇ ಆಯ್ಕೆ ಕೊಡಿ ಅಂತ. 2025ರಲ್ಲಿ ರೆಪೋ ಮತ್ತೆ ಇಳಿದು 5.25%ಗೆ ಬಂದಾಗಲೂ ನಾವು ಕಂತು ಇಳಿಸಲಿಲ್ಲ. ಬೋನಸ್ ಬಂದರೆ ಒಂದು ಪಾಲು ಅಸಲಿಗೆ ಹಾಕ್ತೀವಿ. ಹೀಗೆ ಏರಿಳಿಯುವ (ಫ್ಲೋಟಿಂಗ್) ಬಡ್ಡಿಯ ಗೃಹಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ದಂಡ ಇಲ್ಲ. ನೀವು ಮುಂದೆ ಯಾವತ್ತು ಸಾಲ ಮಾಡಿದರೂ ವರ್ಷಕ್ಕೊಂದು ಸಲ ಉಳಿದಿರುವ ಕಂತು ಎಷ್ಟು ಅಂತ ನೋಡಿ.

ಮನೆ ನಿಮ್ಮದಾದ ಮೇಲೂ ತಿಂಗಳ ಖರ್ಚು ಬಿಡಲ್ಲ. ನಮ್ಮ ಮೇಂಟೆನೆನ್ಸ್ ಚದರಡಿಗೆ ಮೂರೂವರೆ ರೂಪಾಯಿಂದ ಶುರುವಾಗಿ ಈಗ ಐದು, ಅಂದರೆ ತಿಂಗಳಿಗೆ 5,750. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟು ಮೂರು ತಿಂಗಳು ಟ್ಯಾಂಕರ್ ದುಡ್ಡು ಅಂತ ಮನೆಗೆ 1,200 ಹೆಚ್ಚಿಗೆ ಕಟ್ಟಿದೆವು. ಕಳೆದ ವರ್ಷ ಹೊರಗಿನ ಪೇಂಟಿಂಗಿಗೆ ಅಸೋಸಿಯೇಷನ್ 35 ಸಾವಿರ ಕೇಳಿತು. ಮೀಟಿಂಗಿನಲ್ಲಿ ದೊಡ್ಡ ಗಲಾಟೆ, ಕೊನೆಗೆ ಎಲ್ಲರೂ ಕೊಟ್ಟೆವು. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ 5% ರಿಯಾಯಿತಿ ಇರುತ್ತೆ, ಅದೊಂದು ಸಮಾಧಾನ. ಗೃಹಸಾಲದಿಂದ ಇನ್‌ಕಮ್ ಟ್ಯಾಕ್ಸ್ ಉಳಿಯುತ್ತೆ ಅಂತ ಯಾರಾದರೂ ಹೇಳಿದರೆ ನೀವು ಯಾವ ಪದ್ಧತಿಯಲ್ಲಿದ್ದೀರಿ ನೋಡಿ. ಬಡ್ಡಿಯ 2 ಲಕ್ಷದ ವಿನಾಯಿತಿ ಹಳೇ ಪದ್ಧತಿಯಲ್ಲಿ ಮಾತ್ರ. ಹೊಸದರಲ್ಲಿ, ನೀವೇ ವಾಸ ಮಾಡುವ ಮನೆಗೆ, ಏನೂ ಸಿಗಲ್ಲ.

ಹಾಗಾದರೆ ಏನು ಮಾಡೋದು? ನಿಮ್ಮ ಜಾಗದಲ್ಲಿ ನಾನಿದ್ದರೆ ಈ ಒಂದು ವರ್ಷ ಮನೆ ತಗೊಂಡ ಹಾಗೇ ಬದುಕಿ ನೋಡ್ತೀನಿ. ಕಂತು 53,500, ಬಾಡಿಗೆ 22,000, ವ್ಯತ್ಯಾಸ 31,500. ಸಂಬಳ ಬಂದ ದಿನವೇ ಅಷ್ಟನ್ನೂ ಆರ್‌ಡಿಗೆ ಹಾಕಿ, ಇಲ್ಲ ಅಂತ ಅಂದುಕೊಳ್ಳಿ. ಉಳಿದ 38,500ರಲ್ಲಿ ಸಂಸಾರ ನಡೀತಾ? ಹನ್ನೆರಡು ತಿಂಗಳು ಕ್ರೆಡಿಟ್ ಕಾರ್ಡ್, ಕೈಸಾಲ ಇಲ್ಲದೆ ನಡೆದರೆ ನಿಮ್ಮ ಕೈಯಲ್ಲಿ 3 ಲಕ್ಷದ 78 ಸಾವಿರ ಹೊಸದಾಗಿ ಸೇರಿರುತ್ತೆ, ಧೈರ್ಯನೂ ಬಂದಿರುತ್ತೆ. ನಾಲ್ಕನೇ ತಿಂಗಳಿಗೇ ಆರ್‌ಡಿ ತಪ್ಪಿದರೆ ತಪ್ಪಿದ್ದು ಆರ್‌ಡಿ ತಾನೇ, ಕಂತಲ್ಲ. ಅಷ್ಟರಲ್ಲಿ ನಿಮ್ಮ ಹೆಂಡತಿ ಮತ್ತೆ ಕೆಲಸಕ್ಕೆ ಹೋಗ್ತಾರಾ ಇಲ್ವಾ ಅನ್ನೋದೂ ತಿಳಿಯುತ್ತೆ. ಅವರ ಸಂಬಳ ಬರುತ್ತೆ ಅಂತ ಈಗಲೇ ಲೆಕ್ಕಕ್ಕೆ ಹಿಡಿಯಬೇಡಿ, ಅವರ ಮೇಲೆ ಆ ಭಾರ ಹಾಕೋದೂ ಸರಿಯಲ್ಲ.

ಆಮೇಲೂ 80ರ ಮನೆ ಬೇಡ, 55ರಿಂದ 60 ಲಕ್ಷದ ಒಳಗೆ, ಓಸಿ ಬಂದಿರುವ, ಎ ಖಾತಾ (ಆಸ್ತಿ ಕಾನೂನುಬದ್ಧ ಅಂತ ಪಾಲಿಕೆಯ ದಾಖಲೆ) ಇರುವ ಹಳೇ ಫ್ಲ್ಯಾಟ್ ಹುಡುಕಿ. ಐದಾರು ವರ್ಷ ಹಳೆಯದಾದರೂ ಪರವಾಗಿಲ್ಲ, ನೀರಿನ ಸ್ಥಿತಿ ಹೇಗಿದೆ ಅಂತ ಅಲ್ಲಿರುವವರನ್ನೇ ಕೇಳಬಹುದು. ಈಗ ನೋಂದಣಿಗೆ ಇ-ಖಾತಾ (ಖಾತಾದ ಡಿಜಿಟಲ್ ಪ್ರತಿ) ಕಡ್ಡಾಯ, ಅದಿಲ್ಲದೆ ಟೋಕನ್ ದುಡ್ಡೂ ಕೊಡಬೇಡಿ. ಹಳೇ ಪತ್ರಗಳನ್ನು, ಇಸಿಯನ್ನು (ಆಸ್ತಿ ಮೇಲಿನ ಸಾಲ, ವ್ಯವಹಾರಗಳ ಪಟ್ಟಿ) ಬ್ಯಾಂಕಿನ ವಕೀಲರು ನೋಡ್ತಾರೆ ಅಂತ ಬಿಡದೆ ನಿಮ್ಮದೇ ವಕೀಲರಿಗೆ ತೋರಿಸಿ. ನಾವು ಅದಕ್ಕೆ ಕೊಟ್ಟಿದ್ದು 15 ಸಾವಿರ.

ಇನ್ನು ಆ ಫೋನ್ ಮಾಡುವ ಹುಡುಗನಿಗೆ ಮುಂದಿನ ವರ್ಷ ಮಾತಾಡೋಣ ಅನ್ನಿ. ನಮ್ಮ ಬೀದಿ ಕೊನೆಯಲ್ಲಿ "ಈ ತಿಂಗಳು ಮಾತ್ರ ಈ ಬೆಲೆ" ಅಂತ ಒಂದು ಬೋರ್ಡಿದೆ. ಎರಡು ಮಳೆಗಾಲ ನೆನೆದು ಅದರ ಬಣ್ಣ ಹೋಗಿದೆ, ಬೆಲೆ ಮಾತ್ರ ಅದೇ ಇದೆ.