ಗಾಡಿ ಇದ್ದೂ ಎತ್ತಿನ ಬೆನ್ನೇಕೆ?

ಪತ್ರ: “ಚಕ್ರ ಬಂದ ಮೇಲೆ ದನಗಳು ಬೆನ್ನ ಮೇಲೆ ಹೊರೆ ಹೊರುವುದು ತಪ್ಪಿತು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು ತಾಂಡಾದವನು. ನಮ್ಮ ಹಿರಿಯರು ಎತ್ತಿನ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರು ತಿರುಗುತ್ತಿದ್ದರು ಎಂದು ಅಜ್ಜಿ ಹೇಳುತ್ತಿದ್ದಳು. ಗಾಡಿ ಅಷ್ಟು ಹಳೆಯದಾದರೆ ಇವರೇಕೆ ಹೀಗೆ ಮಾಡಿದರು?” – ಹಾವೇರಿ ಜಿಲ್ಲೆಯ ಓದುಗರು

ನಮಸ್ಕಾರ. ನಿಮ್ಮ ಅಜ್ಜಿ ಹೇಳಿದ್ದೇ ಸರಿ. ನಾವು ಬರೆದದ್ದು ತಪ್ಪು.

ಚಕ್ರ ಹಳೆಯದು ಅನ್ನುವುದೇನೋ ನಿಜ. ಸ್ಲೊವೇನಿಯಾದ ಜೌಗು ನೆಲದಲ್ಲಿ 2002ರಲ್ಲಿ ಸಿಕ್ಕ ಮರದ ಚಕ್ರಕ್ಕೆ 5,000 ವರ್ಷಕ್ಕೂ ಜಾಸ್ತಿ ವಯಸ್ಸು. ಹರಪ್ಪದಲ್ಲಿ ಮಣ್ಣಿನ ಆಟಿಕೆ ಗಾಡಿಗಳೇ ಸಿಕ್ಕಿವೆ. ಆದರೆ ಚಕ್ರಕ್ಕೆ ರಸ್ತೆ ಬೇಕು, ಎತ್ತಿಗೆ ಕಾಲುದಾರಿ ಸಾಕು. ಮಳೆ ಬಿದ್ದ ಎರೆನೆಲದಲ್ಲಿ ಗಾಡಿ ಹೇಗೆ ಹೂತುಕೊಳ್ಳುತ್ತದೆ ಅಂತ ನಿಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಅಲ್ವಾ? ಇನ್ನು ಘಟ್ಟ. ಕರಾವಳಿಯ ಉಪ್ಪು ಮೇಲೆ ಹತ್ತಬೇಕು, ಮಲೆನಾಡಿನ ಅಡಿಕೆ, ಮೆಣಸು ಕೆಳಗಿಳಿಯಬೇಕು. 19ನೇ ಶತಮಾನದಲ್ಲಿ ಘಟ್ಟದ ರಸ್ತೆಗಳು ಆಗುವವರೆಗೆ ಹೆಚ್ಚಿನ ಕಡೆ ಹೇರೆತ್ತೇ ಗತಿ.

ಖರ್ಚಿನ ಲೆಕ್ಕವೂ ಇತ್ತು. ಒಂದು ಎತ್ತು ಹೊರುವುದು ನೂರು ಕಿಲೋ ಆಸುಪಾಸು. ಒಳ್ಳೆಯ ದಾರಿ ಇದ್ದರೆ ಗಾಡಿಯಲ್ಲಿ ಅದೇ ಎತ್ತು ಇದರ ಎರಡು ಮೂರು ಪಟ್ಟು ಎಳೆಯುತ್ತದೆ. ಆದರೆ ನಿಮ್ಮ ಹಿರಿಯರ, ಅಂದರೆ ಬಂಜಾರರ (ಲಂಬಾಣಿಗರ) ಎತ್ತುಗಳು ದಾರಿಯುದ್ದಕ್ಕೂ ಮೇಯುತ್ತಾ ದಿನಕ್ಕೆ ಹತ್ತು ಹನ್ನೆರಡು ಕಿ.ಮೀ. ನಡೆಯುತ್ತಿದ್ದವು. ಮೇವಿಗೆ ಕಾಸಿಲ್ಲ. ಇಡೀ ಸಂಸಾರವೇ ಜೊತೆಗಿರುತ್ತಿತ್ತು, ಕೂಲಿಯ ಮಾತೇ ಇಲ್ಲ. ನಿಧಾನವಾದರೂ ಕೆಡದ ಉಪ್ಪು, ಕಾಳುಗಳಿಗೆ ಇದಕ್ಕಿಂತ ಅಗ್ಗದ ಸಾಗಾಣಿಕೆ ಇನ್ನೊಂದಿರಲಿಲ್ಲ. 17ನೇ ಶತಮಾನದಲ್ಲಿ ಬಂದ ಫ್ರೆಂಚ್ ವ್ಯಾಪಾರಿ ತವೆರ್ನಿಯೆ ಹತ್ತು ಹನ್ನೆರಡು ಸಾವಿರ ಎತ್ತುಗಳ ಹಿಂಡನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಇಕ್ಕಟ್ಟಿನ ದಾರಿಯಲ್ಲಿ ಹಿಂಡು ಎದುರಾದರೆ ಅದು ಪೂರ್ತಿ ದಾಟಲು ಎರಡು ಮೂರು ದಿನ ಕಾಯಬೇಕಿತ್ತಂತೆ!

ಸೈನ್ಯಗಳೂ ಇವರನ್ನು ನಂಬಿದ್ದವು. 1791ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಶ್ರೀರಂಗಪಟ್ಟಣದ ಹತ್ತಿರ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್, ಎತ್ತುಗಳು ಸತ್ತು, ದವಸ ತೀರಿ, ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ. ಮರುವರ್ಷ ಮತ್ತೆ ಬಂದಾಗ ಅವನ ದಂಡಿಗೆ ಕಾಳು ಒದಗಿಸಿದವರಲ್ಲಿ ಬಂಜಾರರೇ ಮುಖ್ಯರು.

ಚಕ್ರ ಬಿಟ್ಟು ಬೆನ್ನನ್ನು ನೆಚ್ಚಿದವರು ನಾವಷ್ಟೇ ಅಲ್ಲ. ಗಾಡಿ ಗೊತ್ತಿದ್ದ ಪಶ್ಚಿಮ ಏಷ್ಯಾದಲ್ಲೇ ಒಂಟೆ ಅಗ್ಗವೆಂದು ನೂರಾರು ವರ್ಷ ಗಾಡಿ ಮೂಲೆ ಸೇರಿತ್ತು. ದಕ್ಷಿಣ ಅಮೆರಿಕದ ಇಂಕಾಗಳು ಗಾಡಿಯೇ ಇಲ್ಲದೆ ಲಾಮಾ ಮತ್ತು ಹೆಗಲನ್ನು ನಂಬಿ ದೊಡ್ಡ ರಾಜ್ಯ ಆಳಿದರು.

ಹೇರೆತ್ತಿನ ಕೆಲಸ ಕಿತ್ತುಕೊಂಡದ್ದು ಹೊಸ ರಸ್ತೆ ಮತ್ತು ರೈಲು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ಬಂತು. ಆಮೇಲೆ ನಡೆದದ್ದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ದೇಶಕ್ಕೆ ಉಪ್ಪು ಹೊತ್ತ ಜನ ಕೆಲಸ ಕಳೆದುಕೊಂಡರು. ಸಾಲದ್ದಕ್ಕೆ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಹಲವು ಕಡೆ ಅವರನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಗೆ ಸೇರಿಸಿದರು. ಆ ಕಾಯ್ದೆ ಹೋಗಲು 1952 ಬರಬೇಕಾಯಿತು. ನಮ್ಮ ಲೇಖನದಲ್ಲಿ ಇದರ ಒಂದು ಸಾಲೂ ಇರಲಿಲ್ಲ. ಕ್ಷಮಿಸಿ.

ತಿದ್ದುಪಡಿಯನ್ನು ಈ ಸಂಚಿಕೆಯಲ್ಲೇ ಹಾಕಿದ್ದೇವೆ. ಹಿಂಡಿನ ಮುಂದಾಳು ಎತ್ತಿಗೆ ಕವಡೆ, ಗೆಜ್ಜೆ ಕಟ್ಟಿ ಸಿಂಗರಿಸುತ್ತಿದ್ದರು. ಅಂಥದ್ದೇನಾದರೂ, ಹಳೆಯ ಹೇರುಚೀಲವೋ ಕೊರಳಗಂಟೆಯೋ, ನಿಮ್ಮ ತಾಂಡಾದಲ್ಲಿ ಉಳಿದಿದ್ದರೆ ಒಂದು ಫೋಟೋ ಕಳಿಸುತ್ತೀರಾ? ಅದನ್ನು ನಿಮ್ಮ ಭಾಷೆಯಲ್ಲಿ ಏನಂತಾರೆ ಅಂತಲೂ ಬರೆಯಿರಿ.

– ಸಂಪಾದಕ